ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಳೆದ ಆಷಾಢದ ಒಂದು ಬೆಳಿಗ್ಗೆ, ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯ ಸೂಪರ್‌ಮಾರ್ಕೆಟ್ಟಿನಲ್ಲಿ ತೊಗರಿಬೇಳೆಯ ಪೊಟ್ಟಣಗಳ ಬೆಲೆ ಹೋಲಿಸುತ್ತ ನಿಂತಿದ್ದೆ. ಪಕ್ಕದ ಸಾಲಿನಲ್ಲಿ ಪರಿಚಿತರೊಬ್ಬರು ಕಂಡರು. ಉದ್ಯಾನಕ್ಕೆ ದಿನವೂ ವಾಯುವಿಹಾರಕ್ಕೆ ಬರುವವರು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ದೇಶದ ನೈತಿಕ ಅಧಃಪತನದ ಬಗ್ಗೆ ಸೊಗಸಾಗಿ ಮಾತನಾಡಬಲ್ಲವರು. ನಾನು ಕೈಯೆತ್ತಿ ನಮಸ್ಕರಿಸಬೇಕು ಎನ್ನುವಷ್ಟರಲ್ಲಿ ಅವರ ಕೈ ಏಲಕ್ಕಿಯ ಎರಡು ಪೊಟ್ಟಣಗಳನ್ನು ಎತ್ತಿ, ತೋಳಿಗೆ ತೂಗುಬಿದ್ದಿದ್ದ ಕೊಡೆಯ ಮಡಿಕೆಯೊಳಗೆ ಇಳಿಬಿಟ್ಟಿತು. ಬಾಗಿಲಲ್ಲಿದ್ದ ಕಾವಲುಗಾರ ನನ್ನ ಬಟ್ಟೆಯ ಚೀಲವನ್ನು ಕಿತ್ತುಕೊಂಡು ಟೋಕನ್ ಕೊಟ್ಟಿದ್ದ. ಕೊಡೆಯ ಬಗ್ಗೆ ಅವನಿಗೆ ಯಾವ ಸೂಚನೆಯೂ ಇದ್ದಂತಿರಲಿಲ್ಲ.

ಅದನ್ನು ಕಂಡವನು ನಾನೊಬ್ಬನೇ ಅಲ್ಲ. ಸಾಲಿನ ಕೊನೆಯಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ನಮ್ಮಿಬ್ಬರ ಕಣ್ಣುಗಳು ಒಂದು ಕ್ಷಣ ಸಂಧಿಸಿದವು. ಆಕೆ ತಿರುಗಿಕೊಂಡು, ಆಗಲೇ ಸರಿಯಾಗಿ ಜೋಡಿಸಿದ್ದ ಬಿಸ್ಕತ್ತಿನ ಪೊಟ್ಟಣಗಳನ್ನು ಮತ್ತೊಮ್ಮೆ ಜೋಡಿಸತೊಡಗಿದಳು. ನಾನು ತೊಗರಿಬೇಳೆಯ ಕಡೆಗೆ ತಿರುಗಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಅನ್ಯರ ಪ್ರಾಮಾಣಿಕತೆಯ ಬಗ್ಗೆ ಗೌಪ್ಯ ವರದಿಗಳನ್ನು ಬರೆದ ನನಗೆ ಆ ಕ್ಷಣದಲ್ಲಿ ಬಾಯಿ ಬರಲಿಲ್ಲ.

ಆ ಹುಡುಗಿ ನನಗೆ ಅಪರಿಚಿತಳಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಇಸ್ತ್ರಿ ಮಾಡುವವರ ಮಗಳು; ಬಿ.ಕಾಂ. ಮುಗಿಸಿದವಳು. ವಾರದ ರಜೆಯ ದಿನ ಅಪ್ಪನಿಗೆ ನೆರವಾಗಲೆಂದು ಮನೆಮನೆಗೆ ಬಟ್ಟೆ ತಲುಪಿಸುತ್ತಾಳೆ. ಹಾಗೆ ಬಂದಾಗ ಕೂರಿಸಿ ಕೇಳಿದೆ: ಅವರನ್ನು ತಡೆಯಬಹುದಿತ್ತಲ್ಲ? ಆಕೆ ನನ್ನನ್ನು, ಲೋಕಜ್ಞಾನವಿಲ್ಲದ ಹಿರಿಯರನ್ನು ನೋಡುವಂತೆ ನೋಡಿದಳು. "ಕೊಡೆ ಬಿಚ್ಚಿಸಿದಾಗ ಏನೂ ಸಿಗದಿದ್ದರೆ ನನ್ನ ಗತಿ ಏನು ಸಾರ್?" ಎಂದಳು. ಹಿಂದಿನ ವರ್ಷ ಸಹೋದ್ಯೋಗಿಯೊಬ್ಬಳು ಗ್ರಾಹಕಿಯೊಬ್ಬರನ್ನು ಬಾಗಿಲ ಬಳಿ ನಿಲ್ಲಿಸಿದ್ದಳಂತೆ. ಅಷ್ಟರಲ್ಲಿ ವಸ್ತು ಜೊತೆಗಿದ್ದವರ ಕೈ ಸೇರಿ ಹೊರಗೆ ಹೋಗಿತ್ತು. ಕೂಗಾಟವಾಯಿತು, ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದರು, ಮ್ಯಾನೇಜರ್ ಕ್ಷಮೆ ಕೇಳಿ ಉಡುಗೊರೆಯ ಕೂಪನ್ ಕೊಟ್ಟು ಕಳುಹಿಸಿದರು. ಆ ಸಹೋದ್ಯೋಗಿಗೆ ಮಾರನೆಯ ದಿನದಿಂದ ಬರಬೇಡವೆಂದರು. ಅಂದಿನಿಂದ ಅಂಗಡಿಯಲ್ಲಿ ಒಂದು ಅಲಿಖಿತ ನಿಯಮವಿದೆ. ಗ್ರಾಹಕರನ್ನು ಮುಟ್ಟಬಾರದು, ಪ್ರಶ್ನಿಸಬಾರದು. ಸಂಶಯ ಬಂದರೆ ಹತ್ತಿರ ಹೋಗಿ "ಏನಾದರೂ ಸಹಾಯ ಬೇಕೇ?" ಎಂದು ನಗುತ್ತ ಕೇಳಬಹುದು. ಆಕೆಗಿರುವ ಅಸ್ತ್ರ ಅದೊಂದೇ.

ತಡೆಯದೇ ಹೋದರೆ ಏನಾಗುತ್ತದೆ ಎಂಬುದು ತಿಂಗಳ ಕೊನೆಗೆ ತಿಳಿಯುತ್ತದೆ. ಅಂಗಡಿಯ ಷಟರನ್ನು ಅರ್ಧ ಇಳಿಸಿ, ರಾತ್ರಿ ದಾಸ್ತಾನು ಎಣಿಸುತ್ತಾರೆ. ಕಂಪ್ಯೂಟರಿನಲ್ಲಿ ಇರಬೇಕಾದದ್ದಕ್ಕೂ ಅರೆಗಳ ಮೇಲೆ ಇರುವುದಕ್ಕೂ ತಾಳೆ ನೋಡುತ್ತಾರೆ. ಆ ರಾತ್ರಿಗಳ ಬಗ್ಗೆ ಆಕೆ ಹೇಳಿದ್ದನ್ನು ಕೇಳಿ ನಾನು ಬೆರಗಾದೆ. ಸಾಬೂನಿನ ರಾಶಿಯ ಹಿಂದೆ ಚಾಕೊಲೇಟಿನ ಖಾಲಿ ಹೊದಿಕೆಗಳು ಸಿಗುತ್ತವೆ. ಕುಡಿದು ಮುಗಿಸಿದ ಹಣ್ಣಿನ ರಸದ ಡಬ್ಬಿಗಳನ್ನು ಯಾರೋ ಮತ್ತೆ ನೀಟಾಗಿ ಸಾಲಿನಲ್ಲಿ ಇಟ್ಟಿರುತ್ತಾರೆ. ಕ್ಷೌರದ ಬ್ಲೇಡಿನ ಪೊಟ್ಟಣಗಳಲ್ಲಿ ರಟ್ಟು ಮಾತ್ರ ಉಳಿದಿರುತ್ತದೆ. ಈರುಳ್ಳಿ ತೂಗಿಸಿ ಪಡೆದ ಚೀಟಿ ದಪ್ಪ ಮೆಣಸಿನಕಾಯಿಯ ಚೀಲಕ್ಕೆ ಅಂಟಿರುತ್ತದೆ. ಅಗ್ಗದ ಅಕ್ಕಿಯ ದರದಲ್ಲಿ ಬಾಸುಮತಿ ಮನೆ ಸೇರಿರುತ್ತದೆ. ಬಟ್ಟೆ ವಿಭಾಗದ ಟ್ರಯಲ್ ರೂಮಿನಿಂದ ಒಂದರ ಮೇಲೊಂದು ತೊಟ್ಟುಕೊಂಡು ಹೋಗುವವರಿದ್ದಾರೆ. ಪಾದರಕ್ಷೆಯ ವಿಭಾಗದಲ್ಲಿ ಹೊಸ ಜೋಡಿಯ ಪೆಟ್ಟಿಗೆಯೊಳಗೆ ಸವೆದ ಚಪ್ಪಲಿ ಸಿಕ್ಕಿದ್ದುಂಟು.

ಹೀಗೆ ಕಾಣೆಯಾದದ್ದರ ಮೌಲ್ಯ ಅಂಗಡಿ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ, ಹೆಚ್ಚುವರಿ ಮೊತ್ತವನ್ನು ಆ ವಿಭಾಗದ ಹುಡುಗ ಹುಡುಗಿಯರ ನಡುವೆ ಹಂಚುತ್ತಾರೆ. ಅದಕ್ಕೆ ಆಕೆ ಬಳಸಿದ ಪದ "ಶಾರ್ಟೇಜ್". ಆ ಪದವನ್ನು ಆಕೆ, ನಮ್ಮ ಕಾಲದ ರೈತರು "ಬರ" ಎನ್ನುತ್ತಿದ್ದ ಧಾಟಿಯಲ್ಲಿ, ಆಗಾಗ ಬರುವ, ಯಾರ ಕೈಯಲ್ಲೂ ಇಲ್ಲದ ಒಂದು ವಿಪತ್ತಿನಂತೆ ಉಚ್ಚರಿಸಿದಳು.

ಆದರೆ ಇದು ಯಾರ ಕೈಯಲ್ಲೂ ಇಲ್ಲದ ವಿಪತ್ತಲ್ಲ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಆದ್ದರಿಂದ ವಿಷಯವನ್ನು ಲೆಕ್ಕಾಚಾರದಿಂದಲೇ ನೋಡಬಯಸುತ್ತೇನೆ. ನಮ್ಮ ಬಾಲ್ಯದ ಶೆಟ್ಟರ ಅಂಗಡಿಯನ್ನು ನೆನಪಿಸಿಕೊಳ್ಳಿ. ಗಲ್ಲಾಪೆಟ್ಟಿಗೆಯ ಹಿಂದೆ ಶೆಟ್ಟರು, ಅವರ ಹಿಂದೆ ಸರಕು, ಈಚೆಗೆ ಹಲಗೆ, ಹಲಗೆಯಿಂದಾಚೆಗೆ ನಾವು. ಅರ್ಧ ಸೇರು ಕಡಲೆಬೇಳೆಯನ್ನು ಆಳು ತೂಗಿ, ಪತ್ರಿಕೆಯ ಹಾಳೆಯಲ್ಲಿ ಕಟ್ಟಿ, ದಾರ ಸುತ್ತಿ ಕೊಡುವವರೆಗೆ ಕಾಯಬೇಕಿತ್ತು. ಅಲ್ಲಿ ಗ್ರಾಹಕ ಕದಿಯುವುದು ಬಹುತೇಕ ಅಸಾಧ್ಯವಾಗಿತ್ತು. ಕದಿಯುವ ಅವಕಾಶ ತೆರೆದುಕೊಂಡದ್ದು ಆ ಹಲಗೆಯನ್ನು ಕಿತ್ತಾಗ. ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ 1916ರಲ್ಲಿ ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದು, ಬುಟ್ಟಿ ಹಿಡಿದ ಗ್ರಾಹಕರನ್ನೇ ಅರೆಗಳ ನಡುವೆ ಓಡಾಡಲು ಬಿಟ್ಟ. ತೂಗುವ, ಕಟ್ಟುವ, ತಂದುಕೊಡುವ ಆಳುಗಳ ಸಂಬಳ ಉಳಿಯಿತು. ಕಣ್ಣಿಗೆ ಬಿದ್ದದ್ದೆಲ್ಲ ಬುಟ್ಟಿಗೆ ಬೀಳುವುದರಿಂದ ವ್ಯಾಪಾರವೂ ಹೆಚ್ಚಿತು. ಅದೇ ಏರ್ಪಾಡು ಎಂಟು ದಶಕಗಳ ನಂತರ, ಉದಾರೀಕರಣದ ಬೆನ್ನಲ್ಲಿ, ನಮ್ಮ ಬಡಾವಣೆಗಳನ್ನು ವ್ಯಾಪಕವಾಗಿ ತಲುಪಿತು.

ಹಲಗೆ ಕೀಳುವಾಗ ಒಂದಷ್ಟು ಸರಕು ಕಳುವಾಗುತ್ತದೆಂದು ಮಾಲೀಕನಿಗೆ ತಿಳಿದಿರುತ್ತದೆ. ತಿಳಿದೇ ಕೀಳುತ್ತಾನೆ. ಉಳಿದ ಸಂಬಳ ಹಾಗೂ ಬೆಳೆದ ವ್ಯಾಪಾರ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ. ಮೊದಲನೆಯದು ದೊಡ್ಡದಾಗಿರುವುದರಿಂದಲೇ ಈ ಬಗೆಯ ಅಂಗಡಿಗಳು ಜಗತ್ತಿನಾದ್ಯಂತ ಹಬ್ಬಿದವು. ಸೋರಿಕೆಯನ್ನು ಬಾಡಿಗೆ, ವಿದ್ಯುತ್ತುಗಳಂತೆ ವೆಚ್ಚದ ಒಂದು ಬಾಬ್ತಾಗಿ ಪರಿಗಣಿಸಿಯೇ ಲಾಭಾಂಶ ನಿಗದಿಯಾಗುತ್ತದೆ. ಅಂದರೆ, ಆ ಎರಡು ಪೊಟ್ಟಣ ಏಲಕ್ಕಿಯ ಬೆಲೆಯನ್ನು ನಾನೂ ನೀವೂ ನಮ್ಮ ತೊಗರಿಬೇಳೆಯ ಬೆಲೆಯಲ್ಲಿ ಚೂರುಚೂರಾಗಿ ಕೊಟ್ಟಾಗಿದೆ. ಆ ಮೇಲೆ ಅದನ್ನೇ ಇಸ್ತ್ರಿಯವರ ಮಗಳ ಸಂಬಳದಿಂದ ಮುರಿದುಕೊಂಡರೆ ಒಂದೇ ನಷ್ಟವನ್ನು ಎರಡು ಸಲ ವಸೂಲು ಮಾಡಿದಂತಾಗುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಇದಕ್ಕೊಂದು ಹೆಸರಿದೆಯೋ ಇಲ್ಲವೋ, ಕನ್ನಡದಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ.

ಇಷ್ಟು ಹೇಳುವಾಗ ನನ್ನದೇ ಒಂದು ಪ್ರಸಂಗ ಮನಸ್ಸನ್ನು ಚುಚ್ಚುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸ ಮಾಡುತ್ತಿದ್ದ ಜಿಲ್ಲೆಯ ಸಗಟು ಗೋದಾಮೊಂದರಲ್ಲಿ ಅಕ್ಕಿಯ ತೂಕ ಕಡಿಮೆ ಬಂತು. ಗೋದಾಮುಗಳಿಗೆ ಅನುಮತಿಸಬಹುದಾದ ಕೊರತೆಯ ಪ್ರಮಾಣವೊಂದಿರುತ್ತದೆ. ಕಡುಬೇಸಿಗೆಯಲ್ಲಿ ಧಾನ್ಯದ ತೇವ ಆರಿ ತೂಕ ಇಳಿಯುವುದು ನಿಸರ್ಗಸಹಜ. ಇಲ್ಲಿನ ಕೊರತೆ ಆ ಪ್ರಮಾಣಕ್ಕಿಂತ ಸ್ವಲ್ಪ ಹೆಚ್ಚಿತ್ತು. ಕಡತ ನನ್ನ ಮೇಜಿಗೆ ಬಂದಾಗ, ಗೋದಾಮು ಪಾಲಕನಿಂದ ವಸೂಲು ಮಾಡತಕ್ಕದ್ದೆಂದು ಬರೆದು ಸಹಿ ಹಾಕಿದೆ. ಆತನ ವಿವರಣೆಯನ್ನು ಓದಿದ್ದೆನೇ? ಓದಿದ್ದೆ. ನಂಬಿದ್ದೆನೇ? ಬಹುಶಃ ನಂಬಿದ್ದೆ. ಆದರೆ ಮೇಲಿನವರ ಮುಂದೆ ಕೊರತೆಗೊಂದು ಹೆಸರು ತೋರಿಸಬೇಕಿತ್ತು. ಕೈಗೆಟುಕುವಷ್ಟು ಹತ್ತಿರದಲ್ಲಿದ್ದ ಹೆಸರು ಆತನದಾಗಿತ್ತು. ಇಂದು ಸೂಪರ್‌ಮಾರ್ಕೆಟ್ಟಿನ ಮ್ಯಾನೇಜರನ ಮೇಲೆ ನನಗೆ ವಿಶೇಷ ಕೋಪವಿಲ್ಲದಿರುವುದಕ್ಕೆ ಇದೇ ಕಾರಣ. ಅವನು ಮಾಡುತ್ತಿರುವುದು ನಾನು ಮಾಡಿದ್ದನ್ನೇ.

ವಾಸ್ತವದಲ್ಲಿ ಕಾನೂನು ಕಾರ್ಮಿಕರ ಪರವಾಗಿಯೇ ಇದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಇದ್ದ ನಿಯಮವನ್ನು 2019ರ ವೇತನ ಸಂಹಿತೆ ಮುಂದುವರಿಸಿದೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರ ಪ್ರಕಾರ, ಸರಕು ಕಳೆದುಹೋದದ್ದಕ್ಕಾಗಿ ವೇತನ ಮುರಿಯಬೇಕಾದರೆ ಆ ಸರಕನ್ನು ನಿರ್ದಿಷ್ಟವಾಗಿ ಆ ನೌಕರನ ವಶಕ್ಕೆ ಒಪ್ಪಿಸಿರಬೇಕು. ನಷ್ಟಕ್ಕೆ ಆತನ ನಿರ್ಲಕ್ಷ್ಯ ಅಥವಾ ತಪ್ಪೇ ನೇರ ಕಾರಣವಾಗಿರಬೇಕು. ಮುರಿಯುವ ಮುನ್ನ ಕಾರಣ ತಿಳಿಸಲು ಅವಕಾಶ ಕೊಟ್ಟಿರಬೇಕು. ಬಾಗಿಲು ತೆರೆದಿಟ್ಟು, ಬಂದವರೆಲ್ಲ ಮುಟ್ಟಲೆಂದೇ ಜೋಡಿಸಿಟ್ಟ ಏಲಕ್ಕಿ ಯಾರೊಬ್ಬರ ವಶಕ್ಕೆ ಒಪ್ಪಿಸಿದ ಸರಕು? ಏಳು ಜನರ ನಡುವೆ ಸಮನಾಗಿ ಹಂಚಿದ ನಷ್ಟ ಏಳರಲ್ಲಿ ಯಾರ ನಿರ್ಲಕ್ಷ್ಯ? ನಿಯಮವನ್ನು ನೇರವಾಗಿ ಓದಿದರೆ ಸಾಮೂಹಿಕ ಕಡಿತಕ್ಕೆ ಅಲ್ಲಿ ಜಾಗವೇ ಇಲ್ಲ.

ಹಾಗಾದರೆ ಕಡಿತ ನಡೆಯುವುದು ಹೇಗೆ? ಆಕೆ ತಂದು ತೋರಿಸಿದ ವೇತನ ಚೀಟಿಯಲ್ಲಿ ಕಡಿತವೆಂಬ ಅಂಕಣ ಖಾಲಿಯಿತ್ತು. ಭವಿಷ್ಯ ನಿಧಿಯ ಹೊರತು ಏನನ್ನೂ ಮುರಿದಿರಲಿಲ್ಲ. ಪ್ರೋತ್ಸಾಹಧನದ ಸಾಲಿನಲ್ಲಿ ಹಿಂದಿನ ತಿಂಗಳು ಒಂದು ಮೊತ್ತವಿತ್ತು, ಈ ತಿಂಗಳು ಸೊನ್ನೆ. ಮೂಲ ವೇತನವನ್ನು ಕನಿಷ್ಠ ಕೂಲಿಯ ಅಂಚಿನಲ್ಲಿಟ್ಟು, ಬದುಕಲು ಬೇಕಾದ ಉಳಿದದ್ದನ್ನು ಪ್ರೋತ್ಸಾಹಧನವೆಂದು ಕರೆದರೆ, ಅದನ್ನು ಕೊಡದಿರುವುದು ಕಡಿತವಾಗುವುದಿಲ್ಲ. ಕಡಿತವೇ ಇಲ್ಲದಿದ್ದಲ್ಲಿ ನೋಟಿಸು, ವಿವರಣೆ, ಮೇಲ್ಮನವಿ ಯಾವುದೂ ಬೇಕಿಲ್ಲ. ಇಷ್ಟು ಚೊಕ್ಕವಾದ ಉಪಾಯವನ್ನು ನಾನು ಸರ್ಕಾರದಲ್ಲಿಯೂ ಕಂಡಿರಲಿಲ್ಲ.

ದಂಡಸಂಹಿತೆಯ ಕಡೆಗೆ ತಿರುಗಿದರೆ ಅಸಮತೆ ಇನ್ನೂ ಢಾಳಾಗಿ ಕಾಣುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಪ್ರಕರಣ ಕಳ್ಳತನಕ್ಕೆ ಸಂಬಂಧಿಸಿದ್ದು. ಕದ್ದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ಅಪರಾಧಿಯೆಂದು ತೀರ್ಮಾನವಾದವರು ವಸ್ತುವನ್ನೋ ಮೌಲ್ಯವನ್ನೋ ಮರಳಿಸಿದರೆ ಅವರಿಗೆ ಸಮುದಾಯ ಸೇವೆಯೇ ಶಿಕ್ಷೆ. ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಈ ಮೃದುತ್ವವನ್ನು ನಾನು ಸ್ವಾಗತಿಸುತ್ತೇನೆ. ಹಸಿದು ರೊಟ್ಟಿ ಎತ್ತಿಕೊಂಡವನನ್ನು ಸೆರೆಮನೆಗೆ ಕಳುಹಿಸುವ ಕಾಲ ಹೋಗಬೇಕಿತ್ತು. ಆದರೆ ಅದೇ ಸಂಹಿತೆಯ 306ನೇ ಪ್ರಕರಣವನ್ನೂ ಓದಬೇಕು. ನೌಕರನಾದವನು ಮಾಲೀಕನ ವಸ್ತು ಕದ್ದರೆ ಏಳು ವರ್ಷಗಳವರೆಗೆ ಸೆರೆವಾಸ. ಮೌಲ್ಯ ಎಷ್ಟೇ ಅಲ್ಪವಾಗಿರಲಿ. ಅದು ಸಂಜ್ಞೇಯ, ಜಾಮೀನುರಹಿತ. ಎರಡು ಪೊಟ್ಟಣ ಏಲಕ್ಕಿ ಗ್ರಾಹಕರ ಕೊಡೆಯಲ್ಲಿದ್ದರೆ ಸಮುದಾಯ ಸೇವೆ. ಅದೇ ಪೊಟ್ಟಣಗಳು ಆ ಹುಡುಗಿಯ ಊಟದ ಡಬ್ಬಿಯಲ್ಲಿದ್ದರೆ ಏಳು ವರ್ಷಗಳ ಭಯ. ವಿಶ್ವಾಸದ್ರೋಹ ಹೆಚ್ಚಿನ ಅಪರಾಧವೆಂಬ ವಾದ ನನಗೆ ಗೊತ್ತು. ವಸಾಹತು ಕಾಲದ ದಂಡಸಂಹಿತೆಯಲ್ಲಿಯೂ ಅದೇ ವಾದವಿತ್ತು. ಯಜಮಾನನ ಮನೆಯ ಆಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮವನ್ನು ಇಂದು ಸಾವಿರಾರು ಕ್ಯಾಮೆರಾಗಳ ಅಡಿಯಲ್ಲಿ ದುಡಿಯುವವರಿಗೆ ಅನ್ವಯಿಸುತ್ತಿದ್ದೇವೆ.

ಈ ಮೃದುತ್ವದ ಇನ್ನೊಂದು ಪರಿಣಾಮವನ್ನು ಯಾರೂ ಗಮನಿಸಿದಂತಿಲ್ಲ. ಖಾಸಗಿ ವ್ಯಕ್ತಿಯೊಬ್ಬ ಇನ್ನೊಬ್ಬನನ್ನು ಹಿಡಿದು ನಿಲ್ಲಿಸಬಹುದಾದದ್ದು, ತನ್ನೆದುರೇ ನಡೆದ ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧದಲ್ಲಿ. ಸಣ್ಣ ಕಳ್ಳತನ ಈಗ ಆ ವರ್ಗಕ್ಕೆ ಸೇರದು. ಹೀಗಾಗಿ ಕಾವಲುಗಾರ ಗ್ರಾಹಕರ ತೋಳು ಹಿಡಿದರೆ ಅಕ್ರಮ ತಡೆಯ ಆರೋಪ ಅವನ ಮೇಲೆಯೇ ಬರಬಹುದು. ಬಿಟ್ಟರೆ ಕೊರತೆ ಅವನ ತಲೆಗೆ, ಹಿಡಿದರೆ ಮೊಕದ್ದಮೆ ಅವನ ತಲೆಗೆ.

ಇನ್ನು ತಪಾಸಣೆ. ಗ್ರಾಹಕರು ಹೊರಹೋಗುವಾಗ ಬಿಲ್ಲಿಗೊಂದು ಮುದ್ರೆ ಒತ್ತಿದರೆ ಮುಗಿಯಿತು. ನೌಕರರು ಹೊರಹೋಗುವಾಗ ಚೀಲ, ಊಟದ ಡಬ್ಬಿ, ಜೇಬು ಎಲ್ಲವನ್ನೂ ತೋರಿಸಬೇಕು. ಕೆಲವು ಕಡೆ ಒಳಗಿನದೆಲ್ಲ ಕಾಣುವ ಪಾರದರ್ಶಕ ಚೀಲವನ್ನೇ ತರಬೇಕು. ತಿಂಗಳ ಆ ದಿನಗಳಲ್ಲಿ ಅಂಥ ಚೀಲ ಹಿಡಿದು ಗಂಡಸರ ಸಾಲಿನಲ್ಲಿ ನಿಲ್ಲುವುದೆಂದರೇನೆಂದು ಆಕೆ ನನ್ನ ಹೆಂಡತಿಗೆ ಹೇಳಿದಳಂತೆ, ನನಗೆ ಹೇಳಲಿಲ್ಲ.

ಕದಿಯುವವರು ಯಾರೆಂಬ ಪ್ರಶ್ನೆಗೆ ಆಕೆಯ ಉತ್ತರ ನಮ್ಮಂಥವರಿಗೆ ಹಿತವಾಗದು. ಬಡವರು ಬಂದರೆ ಕಾವಲುಗಾರನ ಕಣ್ಣು ಅವರನ್ನೇ ಹಿಂಬಾಲಿಸುತ್ತದೆ. ಅವರು ಒಂದೊಂದು ವಸ್ತುವಿನ ಬೆಲೆಯನ್ನೂ ಎರಡು ಸಲ ನೋಡಿ, ನೋಟು ಎಣಿಸಿ, ಹೋಗುತ್ತಾರೆ. ಕಳ್ಳತನಕ್ಕೆ ಬೇಕಾದದ್ದು ಧೈರ್ಯವಲ್ಲ, ಸಂಶಯಾತೀತವಾಗಿ ಕಾಣುವ ಮುಖ. ಆ ಮುಖ ಇರುವುದು ನಮ್ಮಲ್ಲಿ. ಎಂ.ಎ. ತರಗತಿಯಲ್ಲಿ ನಾವು ಗ್ಯಾರಿ ಬೆಕರ್ 1968ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವನ್ನು ಓದಿದ್ದೆವು: ಅಪರಾಧಿಯೂ ಲಾಭ ನಷ್ಟ ತೂಗಿಯೇ ಹೆಜ್ಜೆಯಿಡುತ್ತಾನೆ, ಸಿಕ್ಕಿಬೀಳುವ ಸಂಭವ, ಸಿಕ್ಕರೆ ಆಗುವ ಶಿಕ್ಷೆ ಇವೆರಡೂ ಅವನ ಲೆಕ್ಕದಲ್ಲಿರುತ್ತವೆ. ನನ್ನ ಪರಿಚಿತರ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಹಿರಿಯರು ಇದಕ್ಕೆ ಇನ್ನೊಂದು ಬಾಬ್ತನ್ನು ಸೇರಿಸಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದರು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಆ ಮಾತಿಗೆ ತೂಕವಿತ್ತು.

ಇಲ್ಲಿಗೆ ನಿಲ್ಲಿಸಿದರೆ ನಾನು ಕೊಡೆಯವರ ಮೇಲೆ ಕಲ್ಲೆಸೆದು ಪಾರಾದಂತಾಗುತ್ತದೆ. ಸರಕು ಎತ್ತಿಕೊಳ್ಳುವುದಕ್ಕಿಂತ ಸಭ್ಯವಾದ ಇನ್ನೊಂದು ದಾರಿಯಿದೆ: ಕೊಂಡದ್ದನ್ನು ಬಳಸಿ ಹಿಂದಿರುಗಿಸಿ ಹಣ ಪಡೆಯುವುದು. "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂಬ ಫಲಕ ಒಂದು ಕಾಲದಲ್ಲಿ ಪ್ರತಿ ಅಂಗಡಿಯಲ್ಲೂ ತೂಗುತ್ತಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆಯಿತು. ಒಳ್ಳೆಯದೇ ಆಯಿತು. ದೋಷವಿಲ್ಲದ ವಸ್ತುವನ್ನೂ ಮರುಮಾತಿಲ್ಲದೆ ಹಿಂಪಡೆಯುತ್ತೇವೆಂಬುದು ಕಾನೂನಿನ ಒತ್ತಾಯವಲ್ಲ, ಪೈಪೋಟಿಯಲ್ಲಿ ಅಂಗಡಿಗಳೇ ಘೋಷಿಸಿಕೊಂಡ ಔದಾರ್ಯ.

ನನ್ನ ಮಗನ ನಿಶ್ಚಿತಾರ್ಥಕ್ಕೆಂದು ಮಾಲ್ ಒಂದರಲ್ಲಿ ಒಳ್ಳೆಯ ಬ್ಲೇಜರ್ ಕೊಂಡಿದ್ದೆವು. ಸಮಾರಂಭ ಮುಗಿದ ಮೇಲೆ ಅಷ್ಟು ಬೆಲೆಯ ಬಟ್ಟೆ ಮತ್ತೆ ಯಾವಾಗ ತೊಟ್ಟಾನು ಎಂದು ಮನೆಯಲ್ಲಿ ಮಾತು ಬಂತು. ಬೆಲೆಚೀಟಿಯನ್ನು ಕೀಳದೆ ತೋಳಿನೊಳಗೆ ಮಡಿಸಿಟ್ಟಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಆದರೆ ಹಿಂದಿರುಗಿಸಲು ಹೋದವನು ನಾನೇ. ಕೌಂಟರಿನ ಹುಡುಗ ಬ್ಲೇಜರನ್ನು ಹರಡಿ, ಕಾಲರನ್ನು ಸ್ವಲ್ಪ ಎತ್ತಿದ. ಗಂಧ, ಊದಿನಕಡ್ಡಿಗಳ ಪರಿಮಳ ನನಗೇ ತಿಳಿಯುತ್ತಿತ್ತು. "ಉಪಯೋಗಿಸಿದ್ದೀರಾ ಸಾರ್?" ಎಂದ. "ಇಲ್ಲ, ಅಳತೆ ಸರಿಹೋಗಲಿಲ್ಲ" ಎಂದೆ. ಆತ ಇನ್ನೊಂದು ಮಾತಾಡದೆ ರಶೀದಿಯ ಬೆನ್ನಿಗೆ ತನ್ನ ಸಿಬ್ಬಂದಿ ಸಂಖ್ಯೆಯನ್ನು ಬರೆದು ಹಣ ಮರಳಿಸಿದ. ಆ ಸಂಖ್ಯೆಯನ್ನು ಏಕೆ ಬರೆದನೆಂದು ಆಗ ನಾನು ಯೋಚಿಸಲಿಲ್ಲ. ಹಿಂಪಡೆದ ವಸ್ತು ಮರುಮಾರಾಟಕ್ಕೆ ಯೋಗ್ಯವಲ್ಲವೆಂದು ಮೇಲಿನವರು ತೀರ್ಮಾನಿಸಿದರೆ, ಸ್ವೀಕರಿಸಿದವರು ಯಾರೆಂದು ಪತ್ತೆಹಚ್ಚಲು ಎಂದು ಇಸ್ತ್ರಿಯವರ ಮಗಳು ಈಗ ವಿವರಿಸಿದಳು. ಆ ಹುಡುಗನಿಗೆ ಏನಾಯಿತೋ ತಿಳಿಯದು. ನನ್ನ ಒಂದು ಸುಳ್ಳಿಗೆ ಆತ ತನ್ನ ಸಂಖ್ಯೆಯನ್ನು ಜಾಮೀನು ಕೊಟ್ಟಿದ್ದ.

ಮರುಪಾವತಿ ವಂಚನೆಗೆ ಇದಕ್ಕಿಂತ ಚುರುಕಾದ ವಿಧಾನಗಳೂ ಇವೆ. ವಾಹನ ನಿಲುಗಡೆಯಲ್ಲಿ ಬಿದ್ದಿರುವ ಬಿಲ್ಲನ್ನು ಹೆಕ್ಕಿಕೊಂಡು ಒಳಗೆ ಹೋಗಿ, ಅದರಲ್ಲಿ ನಮೂದಾದ ವಸ್ತುವನ್ನೇ ಅರೆಯಿಂದ ತೆಗೆದು, ನೇರವಾಗಿ ವಾಪಸಾತಿ ಕೌಂಟರಿಗೆ ಬಂದು ನಗದು ಕೇಳುವವರಿದ್ದಾರಂತೆ. ಅನೇಕ ಅಂಗಡಿಗಳು ನಗದಿನ ಬದಲು ಕ್ರೆಡಿಟ್ ನೋಟ್ ಕೊಡುವುದಕ್ಕೆ ಇದೂ ಒಂದು ಕಾರಣ.

ಆನ್‌ಲೈನ್ ವ್ಯಾಪಾರ ಬಂದ ಮೇಲೆ ಈ ಕಲೆ ಮನೆಬಾಗಿಲಿಗೆ ಬಂದಿದೆ. 2007ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಫ್ಲಿಪ್‌ಕಾರ್ಟ್, 2010ರಲ್ಲಿ ವಸ್ತು ಕೈಸೇರಿದ ಮೇಲೆ ಹಣ ಕೊಡುವ ಸೌಲಭ್ಯ ತಂದಾಗ, ಪರಸ್ಪರ ಕಾಣದವರ ನಡುವೆ ನಂಬಿಕೆಯಿಂದ ವ್ಯಾಪಾರ ನಡೆಯಬಲ್ಲದೆಂದು ನಾವು ಹೆಮ್ಮೆಪಟ್ಟೆವು. 2017ರಲ್ಲಿ ದೆಹಲಿ ಪೊಲೀಸರು ಯುವಕನೊಬ್ಬನನ್ನು ಬಂಧಿಸಿದರು. ಅಮೆಜಾನ್‌ನಿಂದ 166 ಮೊಬೈಲ್ ಫೋನ್‌ಗಳನ್ನು ತರಿಸಿಕೊಂಡು, ಬಂದದ್ದು ಖಾಲಿ ಪೆಟ್ಟಿಗೆಯೆಂದು ದೂರಿ, ಸುಮಾರು 50 ಲಕ್ಷ ರೂಪಾಯಿ ಮರುಪಾವತಿ ಪಡೆದನೆಂಬುದು ಪೊಲೀಸರ ಆರೋಪವಾಗಿತ್ತು. ಈ ಸುದ್ದಿ ಓದಿ ಎಲ್ಲರೂ ಅವನ ಜಾಣತನದ ಬಗ್ಗೆ ಮಾತಾಡಿದರು. ಖಾಲಿ ಪೆಟ್ಟಿಗೆ ಎಂಬ ದೂರು ಬಂದಾಗಲೆಲ್ಲ ಮೊದಲು ಸಂಶಯಕ್ಕೀಡಾಗುವವನು ಅದನ್ನು ಹೊತ್ತು ತಂದ ಡೆಲಿವರಿ ಹುಡುಗ ಎಂಬುದು ಯಾರ ಮಾತಿನಲ್ಲೂ ಬರಲಿಲ್ಲ. ವಾಪಸು ಒಯ್ಯುವಾಗಲೂ ಅಷ್ಟೇ. ಮಳೆಯಲ್ಲಿ ಬಾಗಿಲ ಮುಂದೆ ನಿಂತು, ಪೆಟ್ಟಿಗೆಯಲ್ಲಿರುವುದು ಹೊಸ ಶೂಗಳೋ ಒರೆಸಿಟ್ಟ ಹಳೆಯವೋ ಎಂದು ಅರ್ಧ ನಿಮಿಷದಲ್ಲಿ ನಿರ್ಧರಿಸಬೇಕು. ತಪ್ಪಿದರೆ ಹೊಣೆ ಅವನದು, ಪ್ರಶ್ನಿಸಿದರೆ ನಕ್ಷತ್ರಗಳ ಎಣಿಕೆಯಲ್ಲಿ ಒಂದು ಕಡಿಮೆ. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗೆ ಪ್ರತ್ಯೇಕ ಕಾಯ್ದೆ ತಂದು, ಕಲ್ಯಾಣ ಮಂಡಳಿ ಹಾಗೂ ಶೇ 1ರಿಂದ 5ರವರೆಗಿನ ಶುಲ್ಕದ ವ್ಯವಸ್ಥೆ ಮಾಡಿದೆ. ಮೆಚ್ಚತಕ್ಕದ್ದು. ಆ ಮಂಡಳಿ ಕೈಗೆತ್ತಿಕೊಳ್ಳಬೇಕಾದ ಮೊದಲ ದೂರುಗಳಲ್ಲಿ ಇದೂ ಇರಬೇಕು.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಬ್ರಿಟನ್ನಿನಲ್ಲಿ ಅಂಗಡಿಗಳ್ಳತನ ಇಂದು ದೊಡ್ಡ ರಾಜಕೀಯ ಚರ್ಚೆಯ ವಿಷಯ. ಅಲ್ಲಿಯೂ ಕಾರ್ಮಿಕರು ಬೈಗುಳ, ಹೊಡೆತ ತಿನ್ನುತ್ತಿದ್ದಾರೆ. ಸ್ಕಾಟ್ಲೆಂಡ್ 2021ರಲ್ಲಿ ಅಂಗಡಿ ಕಾರ್ಮಿಕರ ಮೇಲಿನ ಹಲ್ಲೆ, ಬೆದರಿಕೆ, ನಿಂದನೆಗಳನ್ನು ಪ್ರತ್ಯೇಕ ಅಪರಾಧವಾಗಿಸಿತು. ಆದರೆ ನನ್ನ ಗಮನ ಸೆಳೆದದ್ದು ಅದಕ್ಕಿಂತ ಹಳೆಯ, ಸದ್ದಿಲ್ಲದ ಒಂದು ನಿಯಮ. ಅಲ್ಲಿನ 1986ರ ವೇತನ ಕಾಯ್ದೆಯಲ್ಲಿ ಬಂದು, 1996ರ ಉದ್ಯೋಗ ಹಕ್ಕುಗಳ ಕಾಯ್ದೆಯಲ್ಲಿ ಮುಂದುವರಿದ ಆ ನಿಯಮದಂತೆ, ಚಿಲ್ಲರೆ ಅಂಗಡಿಯ ನೌಕರರಿಂದ ನಗದು ಅಥವಾ ದಾಸ್ತಾನಿನ ಕೊರತೆಗೆಂದು ಒಂದು ಸಂಬಳದಲ್ಲಿ ಮುರಿಯಬಹುದಾದದ್ದು ಒಟ್ಟು ವೇತನದ ಹತ್ತನೇ ಒಂದು ಭಾಗವನ್ನು ಮೀರಬಾರದು. ಕೆಲಸ ಬಿಡುವಾಗಿನ ಕೊನೆಯ ಸಂಬಳಕ್ಕೆ ಈ ಮಿತಿ ಇಲ್ಲವೆಂಬ ಕೊಂಕೂ ಅದರಲ್ಲಿದೆ. ನಮ್ಮ ಸಂಹಿತೆಯಲ್ಲಿ ಎಲ್ಲ ಬಗೆಯ ಕಡಿತಗಳಿಗೆ ಸೇರಿ ಶೇ 50ರ ಮಿತಿಯಿದೆ. ಅಂಗಡಿ ಕಾರ್ಮಿಕರಿಗೆಂದೇ ಬೇರೆ ಮಿತಿಯಿಲ್ಲ. ಅಂಗಡಿ ಕೆಲಸಕ್ಕೆ ಅದರದೇ ಆದ ಅಪಾಯಗಳಿವೆಯೆಂದು ಅಲ್ಲಿನ ಶಾಸನಕ್ಕೆ ನಾಲ್ಕು ದಶಕಗಳ ಹಿಂದೆಯೇ ಹೊಳೆದಿತ್ತು.

ನಮ್ಮ ಪಕ್ಕದ ರಾಜ್ಯದಲ್ಲಿಯೇ ಉದಾಹರಣೆಯಿದೆ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಮಹಿಳೆಯರು ಕೆಲಸದ ನಡುವೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ದರಿಂದ ಕೇರಳ 2018ರಲ್ಲಿ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಕುರ್ಚಿಯೊಂದಕ್ಕಾಗಿ ಶಾಸನ ಬೇಕಾಯಿತಲ್ಲ ಎಂದು ಆಗ ನಕ್ಕವರಲ್ಲಿ ನಾನೂ ಒಬ್ಬ.

ಮಾಲೀಕರು ಹೇಳುವುದರಲ್ಲಿಯೂ ಸತ್ಯವಿಲ್ಲದಿಲ್ಲ. ನೌಕರರೇ ಹೊರಗಿನವರೊಡನೆ ಸೇರಿ ಸರಕು ಸಾಗಿಸಿದ ನಿದರ್ಶನಗಳಿವೆ. ಬಿಲ್ಲಿನಲ್ಲಿ ಒಂದು ಹೊಡೆದು ಚೀಲಕ್ಕೆ ಮೂರು ಹಾಕಿಕೊಡುವ ಕ್ಯಾಷಿಯರುಗಳಿದ್ದಾರೆ. ಹೊಣೆಯೇ ಇಲ್ಲದಿದ್ದರೆ ಯಾರೂ ಕಣ್ಣಿಡುವುದಿಲ್ಲವೆಂಬ ಭಯ ಸಹಜ. ಆದರೆ ಕಳ್ಳ ನೌಕರನನ್ನು ಕ್ಯಾಮೆರಾದ ದಾಖಲೆಯಿಂದ, ವಿಚಾರಣೆಯಿಂದ ಗುರುತಿಸಬೇಕು. ಕಳ್ಳನಿಗೂ ಕಳ್ಳನಲ್ಲದವರಿಗೂ ಸಮನಾಗಿ ದಂಡ ಹಂಚಿದರೆ ಪ್ರಾಮಾಣಿಕರಿಗೆ ಆಗುವ ನಷ್ಟ ಎರಡು. ಹಣವೊಂದು, ಪ್ರಾಮಾಣಿಕರಾಗಿರಲು ಇದ್ದ ಕಾರಣವೊಂದು. ಆಕೆಯೇ ಒಮ್ಮೆ ಅಂದಳು: "ಕದಿಯದೆಯೂ ಕಟ್ಟಬೇಕು ಅಂದ ಮೇಲೆ..." ವಾಕ್ಯವನ್ನು ಮುಗಿಸಲಿಲ್ಲ.

ಆ ಪರಿಚಿತರು ಮೊನ್ನೆ ಉದ್ಯಾನದಲ್ಲಿ ಸಿಕ್ಕಿದ್ದರು. ಏಲಕ್ಕಿಯ ವಿಷಯ ಎತ್ತಬೇಕೆಂದುಕೊಂಡೆ. ಅವರು ನನ್ನ ಮಗನ ಬಗ್ಗೆ ವಿಚಾರಿಸಿದರು. ಬ್ಲೇಜರ್ ನೆನಪಾಯಿತು, ಮಾತು ಮಳೆಯ ಕಡೆಗೆ ಹೊರಳಿತು.

ಕಾರ್ಮಿಕ ಇಲಾಖೆಯ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ ಮಾತ್ರ ಇದೆ. ಅಂಗಡಿಗಳ ತಪಾಸಣೆಗೆ ಹೋದಾಗ ವೇತನದ ವಹಿಯೊಂದನ್ನೇ ನೋಡಿದರೆ ಸಾಲದು. ಅದರಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮಾಸಿಕ ದಾಸ್ತಾನು ಕೊರತೆಯ ವರದಿಯನ್ನು ಪಕ್ಕದಲ್ಲಿ ತೆರೆದಿಡಲು ಹೇಳಿ, ಕೊರತೆ ಏರಿದ ತಿಂಗಳುಗಳಲ್ಲಿ ಪ್ರೋತ್ಸಾಹಧನದ ಸಾಲು ಎಲ್ಲೆಲ್ಲಿ ಸೊನ್ನೆಯಾಗಿದೆಯೆಂದು ಬೆರಳಿಟ್ಟು ಓದಿಕೊಂಡು ಹೋಗಬೇಕು. ಎರಡೂ ಕಾಗದಗಳು ಒಂದೇ ಕಂಪ್ಯೂಟರಿನಲ್ಲಿರುತ್ತವೆ. ಅರ್ಧ ಗಂಟೆಯ ಕೆಲಸ.